ಎರಡನೇ ಮುದ್ದೆ ಎಲ್ಲಿದೆ

ರೀ,

ಹೊನ್ನಾಳಿ ಬಸ್ಸಿಗೆ ಹೊತ್ತಾತು, ಹೊರಟೆ.

ನಿನ್ನೆ ಫೋನಿನಲ್ಲಿ ನಮ್ಮವ್ವನಿಗೆ "ಮನೆಕೆಲಸ ನೂರು ಪರ್ಸೆಂಟ್ ಜಾಸ್ತಿ ಮಾಡ್ತಿದೀನಿ ಅತ್ತೆ" ಅಂದ್ರಲ್ಲ, ಅವಳು ಅದನ್ನ ನಂಬಿ ನನಗೇ ಬೈದಳು. ಮೊದಲು ಒಂದು ಲೋಟ ತೊಳೀತಿದ್ರಿ, ಈಗ ಎರಡು. ಅದನ್ನ ಮಾತ್ರ ಹೇಳಲಿಲ್ಲ.

ನೀವು ಬರೆಯೋ ಭಾನುವಾರದ ಪರೀಕ್ಷೆಯಲ್ಲೂ ಇಂಥ ಮೋಸದ ಪ್ರಶ್ನೆಗಳೇ ಬರ್ತವೆ. ಪರ್ಸೆಂಟ್ ಕಂಡ ಕೂಡಲೇ ಎಷ್ಟರಲ್ಲಿ ಅಂತ ಕೇಳ್ಕೊಳ್ರಿ.

ಅಭ್ಯಾಸಕ್ಕೆ ಇವತ್ತು ನಿಮ್ಮ ಮುದ್ದೆ ಐವತ್ತು ಪರ್ಸೆಂಟ್ ಕಡಿಮೆ ಮಾಡೀನಿ. ಒಂದು ಒಲೆ ಪಕ್ಕ ಐತೆ. ಸಾರು ಬಿಸಿ ಮಾಡ್ಕೊಳ್ರಿ.

ಇನ್ನೊಂದು ಎಲ್ಲಿಟ್ಟೀನಿ ಅಂತ ಅವ್ವನಿಗೆ ಗೊತ್ತು. ಸಿಂಕಿನಲ್ಲಿರೋ ಪಾತ್ರೆ ತೊಳೆದು ಅವಳಿಗೆ ಫೋನ್ ಮಾಡ್ರಿ. ಎಷ್ಟು ತೊಳೆದ್ರಿ ಅಂತ ಎಣಿಸಿ ಹೇಳಿದ್ರೆ ಜಾಗ ಹೇಳ್ತಾಳೆ. ಪರ್ಸೆಂಟಿನಲ್ಲಿ ಹೇಳಿದ್ರೆ ಫೋನ್ ಇಡ್ತಾಳೆ.

ಅರ್ಪಿತಾ