ಸ್ಥಳೀಯ ಪೋಷಕ ಹುದ್ದೆಗೆ ರಾಜೀನಾಮೆ

ವಿದ್ಯಾರ್ಥಿನಿಲಯಗಳ ಸೀಟು ಹಂಚುವ ಮಾನ್ಯ ಅಧಿಕಾರಿಗಳೇ,

ಹದಿನಾಲ್ಕು ತಿಂಗಳಿಂದ ಮುಚ್ಚಿಟ್ಟಿದ್ದನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಈ ವಿಶ್ವವಿದ್ಯಾಲಯದ ನಗರದಲ್ಲಿ ನನಗೆ ಮನೆಯಿಲ್ಲ, ಬಾಡಿಗೆ ಕೋಣೆಯೂ ಇಲ್ಲ. ಹೋಟೆಲೊಂದರಲ್ಲಿ ಹಿಟ್ಟು ರುಬ್ಬುತ್ತೇನೆ, ಆ ಕಲ್ಲಿನ ಪಕ್ಕದಲ್ಲೇ ಗೋಣಿಚೀಲ ಹಾಸಿಕೊಂಡು ಮಲಗುತ್ತೇನೆ. ಇದು ನಮ್ಮೂರು ಸೊಕ್ಕೆಯಲ್ಲಿರುವ ನಮ್ಮವ್ವ ಹುಲಿಗೆಮ್ಮನಿಗೆ ಗೊತ್ತಿಲ್ಲ. ಇದೇ ನಗರದಲ್ಲಿ ಬಿ.ಎಸ್ಸಿ. ಎರಡನೇ ವರ್ಷ ಓದುತ್ತಿರುವ ನನ್ನ ಅಕ್ಕ ಉಚ್ಚಂಗಮ್ಮನಿಗೂ ನಿನ್ನೆಯವರೆಗೆ ಗೊತ್ತಿರಲಿಲ್ಲ. ನೀವಾದರೋ ಇಲ್ಲದ ಆ ಮನೆಯನ್ನು ನಂಬಿಯೇ ಅಕ್ಕನಿಗೆ ಹಾಸ್ಟೆಲ್ ಸೀಟು ಇಲ್ಲವೆಂದಿರಿ.

ನಿಮ್ಮ ಅರ್ಜಿಯಲ್ಲಿ 'ಸ್ಥಳೀಯ ಪೋಷಕರು' ಎಂಬ ಕಾಲಂ ಇದೆ. ನಾನು ಜಗಳೂರಿನಲ್ಲಿ ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವನು. ಪೋಷಕ ಎಂದರೆ ಪೋಷಿಸುವವನು ಎಂಬಷ್ಟೇ ನನಗೆ ಬರುವ ಕನ್ನಡ. ಅಕ್ಕನ ಬಾಡಿಗೆಯಲ್ಲಿ ಅರ್ಧ ನಾನು ಕೊಡುತ್ತೇನೆ, ಸೋಪು ಸೀಮೆಎಣ್ಣೆ ತಂದುಹಾಕುತ್ತೇನೆ. ಹಾಗಾಗಿ ಅಕ್ಕನ ಅರ್ಜಿಯ ಆ ಕಾಲಂನಲ್ಲಿ ನಾನೇ ನನ್ನ ಹೆಸರು ಬರೆದೆ, ಕೆಲಸ ಮಾಡುವ ಹೋಟೆಲಿನ ವಿಳಾಸ ಬರೆದೆ. ಸರ್ಕಾರದ ಕಾಗದದಲ್ಲಿ ನನ್ನ ಹೆಸರು ಹತ್ತಿದ್ದು ಅದೇ ಮೊದಲು, ಸ್ವಲ್ಪ ಹೆಮ್ಮೆಯೂ ಆಯಿತು. ನಗರದಲ್ಲಿ ಪೋಷಕರಿದ್ದವರಿಗೆ ಸೀಟಿಲ್ಲ ಎಂಬ ನಿಯಮ ಆ ಅರ್ಜಿಯ ಯಾವ ಮೂಲೆಯಲ್ಲೂ ಇರಲಿಲ್ಲ. ಅದು ಇದ್ದದ್ದು ನಿಮ್ಮ ಗುಮಾಸ್ತರ ಬಾಯಲ್ಲಿ. "ಖಾಲಿ ಬಿಟ್ಟಿದ್ರೆ ಆಗಿರೋದು ಕಣಯ್ಯಾ. ನಿಜ ಬರಿ ಅಂತ ನಿನಗ್ಯಾರು ಹೇಳಿದ್ರು?" ಎಂದರು. ಅಕ್ಕನ ತರಗತಿಯ ಹುಡುಗಿಯೊಬ್ಬಳ ಸೋದರಮಾವ ಇಲ್ಲಿಯೇ ಎರಡಂತಸ್ತಿನ ಮನೆ ಕಟ್ಟಿದ್ದಾರೆ. ಆಕೆ ಆ ಕಾಲಂ ಖಾಲಿ ಬಿಟ್ಟಳು, ಕಿಟಕಿ ಪಕ್ಕದ ಮಂಚ ಸಿಕ್ಕಿತು. ಅವಳ ಮೇಲೆ ನನಗೆ ಸಿಟ್ಟಿಲ್ಲ. ನಿಜ ಬರೆದವರನ್ನು ಬೀದಿಗೆ ಕಳಿಸುವ ಕಾಲಂ ಒಂದನ್ನು ಕೂತು ಯೋಚಿಸಿ ಅಚ್ಚು ಹಾಕಿಸಿದ ತಲೆ ಯಾವುದು, ಅದನ್ನು ನೋಡಬೇಕಾಗಿದೆ.

ಹೊರಗಿದ್ದು ಓದಲಿ ಎನ್ನುತ್ತೀರಿ. ನೀವು ಕ್ವಾರ್ಟರ್ಸಿನಲ್ಲಿರುವವರು, ಗೊತ್ತಿರಲಿಕ್ಕಿಲ್ಲ: ಇಲ್ಲಿ ಕಾಲೇಜುಗಳು ಹೆಚ್ಚಾದಂತೆ ದನದ ಕೊಟ್ಟಿಗೆಗಳೆಲ್ಲ ಸುಣ್ಣ ಬಳಿಸಿಕೊಂಡು ರೂಮುಗಳಾಗಿವೆ. ಅಕ್ಕ ಇರುವುದು ಅಂಥದೊಂದರಲ್ಲಿ. ಬಾಡಿಗೆ ಹೋದ ವರ್ಷ ತಿಂಗಳಿಗೆ ಅರವತ್ತು ರೂಪಾಯಿ, ಈ ವರ್ಷ ನೂರು. ಸ್ನಾನದ ನೀರಿಗೆ ಬೇರೆ, ಒಂಬತ್ತರ ಮೇಲೆ ದೀಪ ಉರಿದರೆ ಬೇರೆ. ಕರಿಬೇವನ್ನು ದುಡ್ಡು ಕೊಟ್ಟು ಕೊಳ್ಳುವ ಜನರನ್ನು ನಾನು ಕಂಡದ್ದೇ ಇಲ್ಲಿ. ಅವ್ವ ಬಸ್ಸಿನಲ್ಲಿ ಜೋಳದ ಹಿಟ್ಟು ಕಳಿಸುತ್ತಾಳೆ. ರೊಟ್ಟಿ ಬಡಿಯುವ ಸದ್ದಿಗೆ ತಲೆನೋವು ಬರುತ್ತದೆಂದು ಮನೆಯೊಡತಿ ಅದನ್ನೂ ನಿಲ್ಲಿಸಿದರು. ಸದ್ದಿಲ್ಲದೆ ರೊಟ್ಟಿ ಬಡಿಯುವುದನ್ನು ನಿಮ್ಮ ವಿಶ್ವವಿದ್ಯಾಲಯದ ಯಾವ ವಿಭಾಗದಲ್ಲಿ ಕಲಿಸುತ್ತೀರಿ? ಡಬ್ಬಿಯಲ್ಲಿ ಹಿಟ್ಟು ಹುಳು ಹಿಡಿಯುತ್ತಿದೆ, ಅಕ್ಕ ಮೆಸ್ಸಿನಲ್ಲಿ ದಿನಕ್ಕೆ ಒಂದೇ ಹೊತ್ತು ಉಣ್ಣುತ್ತಿದ್ದಾಳೆ. ಈಗ ನೂರೈವತ್ತು ಕೊಡುವವರು ಸಿಕ್ಕಿದ್ದಾರಂತೆ, ತಿಂಗಳ ಕೊನೆಗೆ ರೂಮು ಬಿಡಬೇಕಂತೆ. ಸೀಟು ಸಿಗದಿದ್ದರೆ ಅವಳ ಓದು ಅಲ್ಲಿಗೆ ಮುಗಿಯಿತು.

ಇದನ್ನೆಲ್ಲ ಹೇಳಲೆಂದೇ ಹೋದ ಸೋಮವಾರ ನಾವಿಬ್ಬರೂ ನಿಮ್ಮ ಮೇಜಿನ ಮುಂದೆ ನಿಂತಿದ್ದೆವು. ಕಡತದಿಂದ ತಲೆ ಎತ್ತದೆ, "ತಮ್ಮ ಇದೇ ಊರಲ್ಲಿರೋವಾಗ ಹೆಣ್ಣುಮಗಳಿಗೆ ಹಾಸ್ಟೆಲ್ ಯಾಕೆ? ನಿನ್ನ ಮನೇಲೇ ಇಟ್ಕೋ" ಎಂದಿರಿ. ಅಕ್ಕ ನನ್ನ ಮುಖ ನೋಡಿದಳು. ನನಗೊಂದು ರೂಮಿದೆ ಎಂದೇ ಅವಳೂ ನಂಬಿದ್ದಳು. ಇದ್ದದ್ದನ್ನು ಇದ್ದ ಹಾಗೆ ಆಡಿ ಮೂರು ಕೆಲಸ ಕಳೆದುಕೊಂಡ ನಾನು ಅವತ್ತು ಬಾಯಿ ಮುಚ್ಚಿದೆ. ಆ ತಪ್ಪು ನನ್ನದೇ. ಆದರೆ ಹೋಟೆಲಿನ ಹೆಸರಿರುವ ವಿಳಾಸ ನಿಮ್ಮ ಕಣ್ಣೆದುರಿಗೇ ಇತ್ತು. ಹೋಟೆಲಿನಲ್ಲಿ ಯಾರು ಸಂಸಾರ ಹೂಡುತ್ತಾರೆ? ಶಾಲೆ ಬಿಟ್ಟವನು ನಾನು, ಓದದೆ ಸಹಿ ಹಾಕಿದವರು ನೀವು.

ನಿನ್ನೆ ಅಕ್ಕನಿಗೆ ನಿಜ ಹೇಳಿದೆ.

"ಮತ್ತೆ ನಿನ್ನ ರೂಮಿನ ಮಾಲೀಕ ಹೆಣ್ಮಕ್ಕಳನ್ನ ಒಳಗೆ ಬಿಡಲ್ಲ ಅಂತಿದ್ಯಲ್ಲೋ?"

"ಮಾಲೀಕ ಅಂದ್ರೆ ರುಬ್ಬೋ ಕಲ್ಲು ಕಣಕ್ಕ."

ನೋಟುಬುಕ್ಕಿನಿಂದ ತಲೆಗೆ ಎರಡು ಬಾರಿಸಿದಳು, ನಕ್ಕಳು, ಆಮೇಲೆ ಗೋಡೆಯ ಕಡೆ ತಿರುಗಿ ಕೂತಳು. "ಸಾಕು ನಡಿಯೋ. ಇಬ್ರೂ ಊರಿಗೆ ಹೋಗಾನ."

"ನೀನು ಬಂದು ಏನು ಮಾಡಾಕೆ? ಓದು ಬಿಟ್ಟೋರು ನಮ್ಮನೇಗೆ ಒಬ್ರೇ ಸಾಕು" ಎಂದೆ.

ಆದ್ದರಿಂದ ನಿಮ್ಮ ನಿಯಮದ ಪ್ರಕಾರವೇ ಆಗಲಿ. ಹದಿನೈದನೇ ತಾರೀಖಿಗೆ ಪಟ್ಟಿ ಮುಗಿಸುವ ಮುಂಚೆ ಉಚ್ಚಂಗಮ್ಮನ ಅರ್ಜಿಯನ್ನು ಮತ್ತೆ ತೆಗೆಯಿರಿ. ನನ್ನ ಹೆಸರಿನ ಮೇಲೆ ಗೆರೆ ಎಳೆದು ಅವಳಿಗೆ ಸೀಟು ಕೊಡಿ. ಬಚ್ಚಿಟ್ಟ ಆ ನಿಯಮವನ್ನು ಮುಂದಿನ ವರ್ಷದ ಅರ್ಜಿಯ ಮೇಲೆ ಎಲ್ಲರಿಗೂ ಕಾಣುವ ಹಾಗೆ ಅಚ್ಚು ಹಾಕಿಸಿ. ಇದು ಕೃಪೆ ಕೇಳುವ ಪತ್ರವಲ್ಲ, ಅದಕ್ಕೇ ಪತ್ರಿಕೆಗೆ ಕಳಿಸುತ್ತಿದ್ದೇನೆ. ಅನುಮಾನವಿದ್ದರೆ ಜವಾನನನ್ನು ಹೋಟೆಲಿಗೆ ಅಟ್ಟಿ ವಿಚಾರಿಸಿ. ನಾನು ಊರಿಗೆ ಹೋಗಿ ಕೂಲಿ ಮಾಡಿ ಅಕ್ಕನಿಗೆ ಅಲ್ಲಿಂದಲೇ ದುಡ್ಡು ಕಳಿಸುತ್ತೇನೆ. ಸೊಕ್ಕೆಯಲ್ಲಿರುವವನನ್ನು ಸ್ಥಳೀಯ ಎನ್ನಲು ನಿಮ್ಮ ಕಚೇರಿಗೂ ಆಗಲಾರದು.

ಕೆಲಸ ಬಿಟ್ಟಿದ್ದೇನೆ. ನಾಳೆ ಬೆಳಿಗ್ಗೆ ಆರು ಗಂಟೆಯ ಬಸ್ಸಿಗೆ ಹೊರಡುತ್ತೇನೆ.

ಇಂತಿ,
ನಿಮ್ಮ ನಗರದ ಜನಸಂಖ್ಯೆಯಲ್ಲಿ ಒಂದು ಕಡಿಮೆಯಾದ
ಚಿತ್ತಪ್ಪ, ಸೊಕ್ಕೆ