ನಿನ್ನ ಕೋಣೆಯ ಗಾಳಿ

ಪ್ರೀತಿಯ ತಮ್ಮನಿಗೆ,

ನಿನ್ನ ಕೋಣೆಯ ಬಾಗಿಲು ತೆಗೆದೆ. ಮೊದಲು ಇದೊಂದನ್ನು ಹೇಳಿಬಿಟ್ಟರೆ ಮಿಕ್ಕದ್ದು ಬರೆಯುವುದು ಸುಲಭ ಅಂದುಕೊಂಡಿದ್ದೆ. ಹಾಗೇನೂ ಆಗುತ್ತಿಲ್ಲ.

ಆ ಬಾಗಿಲನ್ನು ಹೇಗೆ ಮುಚ್ಚಿದ್ದೆ ಎಂಬುದು ನಿನಗೆ ಗೊತ್ತಿಲ್ಲ. ನೀನು ತೀರಿಕೊಂಡ ಮೇಲೆ, ಆಸ್ಪತ್ರೆಯಿಂದ ನಿನ್ನ ಬಟ್ಟೆಯ ಚೀಲ ತಂದು ಮಂಚದ ಮೇಲಿಟ್ಟಾಗ ಕೋಣೆಯಲ್ಲಿ ಇನ್ನೂ ನಿನ್ನ ವಾಸನೆ ಇತ್ತು. ಬೆನ್ನುನೋವಿಗೆ ಹಚ್ಚಿಕೊಳ್ಳುತ್ತಿದ್ದ ಮುಲಾಮು, ಉಣ್ಣೆಯ ಅಂಗಿಯ ಬೆವರು, ಕಿಟಕಿಯ ಸಂದಿಗೆ ತುಂಬುವ ಆ ಗೋಂದು, ಎಲ್ಲ ಬೆರೆತದ್ದು. ನಿನ್ನ ಪೆಟ್ಟಿಗೆಯಿಂದಲೇ ಅಂಟುಪಟ್ಟಿ ತೆಗೆದು ಮೊದಲು ಕಿಟಕಿಗೆ, ಆಮೇಲೆ ಹೊರಗೆ ಬಂದು ಬಾಗಿಲಿಗೆ, ನೀನು ಕಾಲೇಜಿನ ಮಕ್ಕಳಿಗೆ ಹೇಳಿಕೊಡುತ್ತಿದ್ದ ಹಾಗೆ ಮೂಲೆಯಿಂದ ಶುರುಮಾಡಿ ಹೆಬ್ಬೆರಳಿನಿಂದ ಒತ್ತುತ್ತಾ ಹಚ್ಚಿದೆ. ಬೀಗದ ಕಿಂಡಿಯನ್ನೂ ಬಿಡಲಿಲ್ಲ. ತಡೆಯಲಾಗದ ಸಂಜೆಗಳಲ್ಲಿ ಕೆಳಗಿನ ಅಂಚನ್ನು ಒಂದು ಬೆರಳಿನಷ್ಟು ಎತ್ತಿ, ನೆಲಕ್ಕೆ ಮುಖವಿಟ್ಟು ಉಸಿರೆಳೆದುಕೊಂಡು, ಮತ್ತೆ ಮುಚ್ಚುತ್ತಿದ್ದೆ. ಈ ವಯಸ್ಸಿನಲ್ಲಿ ನೆಲದಿಂದ ಏಳುವುದು ಸುಲಭವಲ್ಲ.

ಇಡೀ ಮನೆಯಲ್ಲಿ ಭದ್ರವಾಗಿ ಮುಚ್ಚಿದ ಕೋಣೆ ಅದೊಂದೇ. ಮಿಕ್ಕದ್ದನ್ನೆಲ್ಲ ಜರಡಿಯಾಗಿ ಇಟ್ಟಿದ್ದವನು ನೀನೇ ತಾನೆ. ಕಾಲೇಜಿನಿಂದ ನಿನ್ನ ತರಗತಿಯ ಮಕ್ಕಳು ಬಂದು, ಮುಂಬಾಗಿಲಿನ ಚೌಕಟ್ಟಿಗೆ ದಪ್ಪ ಬಟ್ಟೆ ಬಿಗಿದು ಅದರಲ್ಲಿ ದೊಡ್ಡ ಫ್ಯಾನ್ ಕೂರಿಸುತ್ತಿದ್ದರು. ಅದು ಮನೆಯೊಳಗಿನ ಗಾಳಿಯನ್ನೆಲ್ಲ ಹೊರಗೆ ಎಳೆಯುತ್ತಿದ್ದಂತೆ, ಯಾವ ಸಂದಿಯಿಂದ ಹೊರಗಾಳಿ ನುಗ್ಗುತ್ತದೆ ಎಂದು ಒದ್ದೆ ಕೈ ಹಿಡಿದು ಹುಡುಕಿ ಮುಚ್ಚುತ್ತಿದ್ದರು. ಅವರು ಹೋದದ್ದೇ ತಡ, ನೀನು ಉಳಿ ಹಿಡಿದು ಎಲ್ಲವನ್ನೂ ಕಿತ್ತುಹಾಕುತ್ತಿದ್ದೆ, ಮುಂದಿನ ತಂಡಕ್ಕೆ ಕಲಿಯಲು ಏನಾದರೂ ಉಳಿಯಬೇಕಲ್ಲ ಎಂದು. "ಮನುಷ್ಯರು ವಾಸ ಮಾಡೋ ಮನೆ ಕಣೋ ಇದು" ಎಂದು ನಾನು ಕಂಬಳಿ ಹೊದ್ದುಕೊಂಡೇ ಬೈಯುತ್ತಿದ್ದೆ. "ಪರೀಕ್ಷೆಗೆ ಅಂಥ ಮನೇನೇ ಬೇಕಂತೆ ಅಕ್ಕಾ. ನೀನು ಸುಮ್ನೆ ವಾಸ ಮಾಡ್ತಿರು, ಅಷ್ಟೇ ನಿನ್ನ ಕೆಲಸ" ಅನ್ನುತ್ತಿದ್ದೆ.

ನೀನು ಯಾಕೆ ಹಾಗೆ ಮಾಡುತ್ತಿದ್ದೆ ಎಂದು ನನಗೆ ಗೊತ್ತಿತ್ತು. ಗಾಳಿ ಸೋರದ ಹಾಗೆ ಮುಚ್ಚಿ ಕರೆಂಟು ಉಳಿಸುವ ಕಟ್ಟಡಗಳನ್ನು ಕಟ್ಟುವ ಕಂಪನಿಗಳಲ್ಲಿ ಕೆಲಸವೇನೋ ಇತ್ತು, ಆದರೆ ಜನರಿರುವ ಒಂದು ಮನೆಯನ್ನು ಕೈಯಾರೆ ಪರೀಕ್ಷಿಸಿ ಸರಿಪಡಿಸಿ ತೋರಿಸಿದವರಿಗೆ ಮಾತ್ರ. ಚಿಕ್ಕಪ್ಪನೋ ಮಾವನೋ ಗುತ್ತಿಗೆದಾರನಾಗಿದ್ದವರಿಗೆ ಮನೆ ಸಿಗುತ್ತಿತ್ತು. ನಿನ್ನ ಮಕ್ಕಳು ಒಂಟಿ ಕೋಣೆಯ ಬಾಡಿಗೆ ಮನೆಗಳಿಂದ ಬಂದವರು, ತಮ್ಮ ಮನೆಯಲ್ಲಿ ಕಾಲೇಜಿನ ಮುಖ ಕಂಡ ಮೊದಲಿಗರು. ಅವರನ್ನು ಒಳಗೆ ಕರೆದು ಕಿಟಕಿ ಮುಟ್ಟಲು ಬಿಡುವವರು ಯಾರು? ನೀನೂ ಒಂದು ಕಾಲದಲ್ಲಿ ಹಾಗೆ ಗೇಟಿನಿಂದ ಗೇಟಿಗೆ ಅಲೆದು, ಮುಖ ಸಣ್ಣದು ಮಾಡಿಕೊಂಡು ವಾಪಸು ಬಂದವನು.

ನೀನು ಹೋದ ಮೇಲೆ ಕಾಲೇಜಿನವರು ಆ ತರಗತಿಯನ್ನೇ ನಿಲ್ಲಿಸಿದರು. ಪರೀಕ್ಷೆ ಮುಗಿಸದೆ ಉಳಿದವಳು ಕಡ್ಡಿ ಒಬ್ಬಳು. ಅದೇ, ಕಾಲೇಜಿನ ಮೆಟ್ಟಿಲು ತೊಳೆಯುವವಳ ಮಗಳು, ಹತ್ತಿ ನಿಂತರೆ ಏಣಿ ಯಾವುದು ಹುಡುಗಿ ಯಾವುದು ತಿಳಿಯುವುದಿಲ್ಲ ಎಂದು ನೀನು ಹೆಸರಿಟ್ಟವಳು. ಒಂದು ಆಸ್ಪತ್ರೆ ಕಟ್ಟುತ್ತಿರುವ ಕಂಪನಿ ಅವಳಿಗಾಗಿ ಆ ತಿಂಗಳ ಕೊನೆಯವರೆಗೆ ಕಾಯುತ್ತೇವೆ ಎಂದಿತ್ತು. ಪರೀಕ್ಷಕರು ಬರಲು ಒಪ್ಪಿದ್ದರು. ಮನೆ ಮಾತ್ರ ಇರಲಿಲ್ಲ. ಅವಳ ತಾಯಿ ಎಷ್ಟೋ ವರ್ಷ ದುಡಿದ ಮನೆಯಲ್ಲೇ ಕೇಳಿದಳಂತೆ. "ನಿಮ್ಮಮ್ಮ ಒಳ್ಳೆಯವಳು ಕಣಮ್ಮ, ಆದ್ರೆ ಅಳತೆ ಗಿಳತೆ ಮಾಡೋದಕ್ಕೆ ಯಾರಾದ್ರೂ ತಿಳಿದೋರನ್ನ ಕಳಿಸು" ಎಂದರಂತೆ. ಇದನ್ನು ಹೇಳುವಾಗ ಅವಳು ನಕ್ಕಳು. ನಾನು ನಗಲಿಲ್ಲ. ಬಾ, ಇಲ್ಲೇ ಮಾಡು ಎಂದೆ.

ಪರೀಕ್ಷೆಯ ಹೊತ್ತಿಗೆ ಒಳಬಾಗಿಲುಗಳೆಲ್ಲ ತೆರೆದಿರಬೇಕು ಎಂಬುದು ನನಗೆ ತಿಳಿಯದ ವಿಷಯವೇನಲ್ಲ. ಒಂದು ಕೋಣೆಯನ್ನು ಬಿಟ್ಟರೆ ಏನು ಮಹಾ ಎಂದುಕೊಂಡಿದ್ದೆ. ಪರೀಕ್ಷಕರು ಮನೆಯೆಲ್ಲ ಸುತ್ತಿ ಬಂದು ನಿನ್ನ ಬಾಗಿಲ ಮುಂದೆ ನಿಂತು, "ಇದೇನಮ್ಮಾ?" ಎಂದರು. ನಾನು ಬಾಯಿ ತೆರೆಯುವ ಮೊದಲೇ ಕಡ್ಡಿ, "ಅದು ನಮ್ಮ ಮೇಷ್ಟ್ರ ಕೋಣೆ ಸರ್. ಅದನ್ನ ತೆಗೆಯೋ ಹಾಗಿಲ್ಲ" ಎಂದಳು. ಅವರು ಗದರಲಿಲ್ಲ. "ಮನೆ ಅಂದ್ರೆ ಪೂರ್ತಿ ಮನೆ. ಒಂದು ಕೋಣೆ ಬಿಟ್ಟು ಅಳತೆ ಮಾಡಿದ್ರೆ ನಾನು ಸಹಿ ಹಾಕೋಕಾಗಲ್ಲ" ಎಂದು, ಅಂಟುಪಟ್ಟಿಯ ಮೇಲೆ ಬೆರಳಾಡಿಸಿ, "ನಿಮ್ಮ ತಮ್ಮನೂ ಹಾಕ್ತಿರ್ಲಿಲ್ಲ ಕಣಮ್ಮ" ಎಂದರು.

ಕಡ್ಡಿ ಫ್ಯಾನ್ ಬಿಚ್ಚಿ ಬಟ್ಟೆ ಮಡಿಸಲು ಶುರುಮಾಡಿದಳು. "ಬಿಡಿ ಅಕ್ಕಾ, ಮುಂದಿನ ವರ್ಷ ನೋಡಿದ್ರಾಯ್ತು." ಮುಂದಿನ ವರ್ಷ ಎಂಬುದು ಅವಳಿಗಿಲ್ಲ. ಮಗಳಿಗೆ ಇನ್ನೊಂದು ಕಟ್ಟಡದಲ್ಲಿ ಮೆಟ್ಟಿಲು ತೊಳೆಯುವ ಕೆಲಸ ನೋಡಿಟ್ಟಿದ್ದೇನೆ ಎಂದು ಅವಳ ತಾಯಿ ನನಗೆ ಹೇಳಿದ್ದಳು. ಹುಡುಗಿ ಅಳಲಿಲ್ಲ, ಸಿಡುಕಲಿಲ್ಲ. ಅಂಚಿಗೆ ಅಂಚು ಸೇರಿಸಿ ನೀಟಾಗಿ ಮಡಿಸುತ್ತಿದ್ದಳು, ವಾಪಸು ಹೋಗುವುದು ರೂಢಿಯಾದವರ ಹಾಗೆ. ಅದನ್ನು ನನ್ನಿಂದ ನೋಡಲಾಗಲಿಲ್ಲ ಕಣೋ.

ಅಂಟುಪಟ್ಟಿಯನ್ನು ನಾನೇ ಕಿತ್ತೆ. ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಮಂಚದ ತುದಿಯಲ್ಲಿ ಕೂತೆ. ನೀನು ಈಗ ತಾನೆ ಎದ್ದು ಹೋದ ಹಾಗಿತ್ತು. ಬಾಯಾರಿದವಳು ನೀರು ಕುಡಿಯುವಂತೆ ಉಸಿರೆಳೆದುಕೊಂಡೆ, ಸಾಕು ಎನಿಸಲೇ ಇಲ್ಲ. ಹೊರಗೆ ಪರೀಕ್ಷಕರು ಕೆಮ್ಮಿದರು. ಎದ್ದು ಬಾಗಿಲನ್ನು ಗೋಡೆಗೆ ತಾಗುವವರೆಗೆ ತೆರೆದೆ.

ಕಡ್ಡಿ ಮತ್ತೆ ಕೂರಿಸಿದ ಫ್ಯಾನ್ ಶುರುವಾದಾಗ ನಿನ್ನ ಕೋಣೆಯ ಹೊಸ್ತಿಲ ಮೇಲೆ ನಿಂತಿದ್ದೆ. ಗಾಳಿ ನನ್ನ ಕೆನ್ನೆ ಸವರಿಕೊಂಡು ನಡುಮನೆಗೆ, ಅಲ್ಲಿಂದ ಬೀದಿಗೆ ಹೋಯಿತು. ಮೊದಲು ಮುಲಾಮು, ಆಮೇಲೆ ಉಣ್ಣೆ. ಆಮೇಲೆ ಬರೀ ಧೂಳು, ಬೀದಿಯ ಹೊಗೆ. ಅಷ್ಟು ಬೇಗ ಮುಗಿಯುತ್ತದೆ ಎಂದು ನಾನು ಎಣಿಸಿರಲಿಲ್ಲ.

ನಿನ್ನ ಕಿಟಕಿಯ ಹತ್ತಿರ ಒದ್ದೆ ಕೈ ಎತ್ತಿ ನಿಂತಿದ್ದ ಕಡ್ಡಿ, "ಅಕ್ಕಾ, ಇಲ್ಲಿ ನೋಡಿ, ಮೇಲಿನ ಮೂಲೇಲಿ ಬಿಟ್ಟುಕೊಂಡಿದೆ" ಎಂದು ಕರೆದಳು. ಅಂಟುಪಟ್ಟಿ ಹಚ್ಚಿದ ದಿನ ಏಣಿಯಿಲ್ಲದೆ ನನ್ನ ಕೈ ಅಲ್ಲಿಗೆ ಸರಿಯಾಗಿ ಎಟುಕಿರಲಿಲ್ಲ. ಅಂದರೆ ಇಷ್ಟು ದಿನವೂ ನೀನು ಅಲ್ಲಿಂದ ಸ್ವಲ್ಪಸ್ವಲ್ಪವೇ ಹೋಗುತ್ತಲೇ ಇದ್ದೆ. ನಾನು ಕೆಳಗೆ ನೆಲಕ್ಕೆ ಮುಖವಿಟ್ಟು ಕೂತಿದ್ದೆ.

ಅವಳು ಆ ಮೂಲೆಯನ್ನು ಮುಚ್ಚಿದಳು, ಮನೆಯ ಎಲ್ಲ ಸಂದಿಗಳನ್ನೂ ಮುಚ್ಚಿದಳು. ಮತ್ತೆ ಅಳತೆಯಾಯಿತು. ಪರೀಕ್ಷಕರು ಸಹಿ ಹಾಕಿದರು. ಹುಡುಗಿ ಆ ಕಾಗದವನ್ನು ಮಡಿಸದೆ ಹಾಗೇ ಹಿಡಿದುಕೊಂಡು ಹೋದಳು.

ಇವತ್ತು ಅವಳು ಫೋನ್ ಮಾಡಿದ್ದಳು. ಹಿಂದೆ ಸುತ್ತಿಗೆಯ ಸದ್ದು ಎಷ್ಟಿತ್ತೆಂದರೆ ಕೂಗಿ ಮಾತಾಡಬೇಕಾಯಿತು. "ಇಲ್ಲಿ ಎಲ್ರೂ ದೊಡ್ಡ ದೊಡ್ಡೋರ ಮಕ್ಕಳು ಅಕ್ಕಾ. ಮೊದಲನೇ ದಿನ ಚಹಾ ತರೋಳು ಅಂದ್ಕೊಂಡ್ರು. ಈಗ ಎರಡನೇ ಮಹಡಿಯ ಅಳತೆ ಪೂರ್ತಿ ನಂದೇ." ಊಟ ಮಾಡಿದೆಯಾ ಎಂದು ಕೇಳಿದೆ. ಫೋನ್ ಇಟ್ಟವಳೇ, ಒಂದು ಮಹಡಿ ಪೂರ್ತಿ ಅವಳದಂತೆ ಎಂದು ನಿನಗೆ ಹೇಳಲು ಎದ್ದು ನಿನ್ನ ಕೋಣೆಗೆ ಬಂದೆ. ಮಂಚ ಇತ್ತು, ಚೀಲ ಇತ್ತು. ಯಾವ ಮನೆಯಲ್ಲಾದರೂ ಇರುವಂಥ ಒಂದು ಕೋಣೆ. ಮಂಚದ ತುದಿಯಲ್ಲೇ ಈ ಕಾಗದ ಬರೆಯಲು ಕೂತೆ.

ಎಲ್ಲಿದ್ದರೂ ನಿನ್ನ ಬೆನ್ನಿಗೆ ಚಳಿ ತಾಗದಿರಲಿ, ಮಗು.

ನಿನ್ನ ಅಕ್ಕ