ಹನ್ನೆರಡು ಟ್ಯಾಬ್ಲೆಟ್ಟು, ಒಬ್ಬಳೇ ವಿದ್ಯಾರ್ಥಿನಿ

ಡಿಪೋ ಕ್ವಾರ್ಟರ್ಸ್,
ಬುಧವಾರ, ಹನ್ನೊಂದನೇ ತಾರೀಖು

ಪ್ರೀತಿಯ ಪುಟ್ಟೂ,

ನಿನ್ನ ಕೆಮ್ಮು ಹೇಗಿದೆ? ಕಂಪ್ಯೂಟರಿನ ಮುಂದೆ ಬೆನ್ನು ಬಗ್ಗಿಸಿ ಕೂರಬೇಡ ಅಂತ ಬರೆಯಲು ನಿನ್ನಮ್ಮ ಹೇಳಿದ್ದಾಳೆ. ಬರೆದಿದ್ದೇನೆ, ನನ್ನ ತಲೆಯ ಮೇಲಿನ ಭಾರ ಇಳಿಯಿತು. ನನ್ನ ಮಂಡಿನೋವು ತನ್ನ ಪಾಡಿಗೆ ತಾನಿದೆ, ನಾನು ನನ್ನ ಪಾಡಿಗೆ ಓಡಾಡಿಕೊಂಡಿದ್ದೇನೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಗ್ರಂಥಾಲಯದ ಹಿಂದೆ ನೀನು ಶುರುಮಾಡಿದ ಕಲಿಕಾ ಕೋಣೆಯ ಮಾತು ಎತ್ತಿದರೆ ಸಾಕು, "ಆಮೇಲೆ ಮಾಡ್ತೀನಪ್ಪ" ಅಂತ ಇಟ್ಟುಬಿಡುತ್ತೀಯ. ಪತ್ರವನ್ನು ಅರ್ಧಕ್ಕೆ ಇಡುವವಳು ನೀನಲ್ಲ ಅನ್ನುವುದು ನನಗೆ ಗೊತ್ತು.

ನಿನ್ನೆ ಟ್ರಸ್ಟಿನ ಮೇಡಂ ಬಂದಿದ್ದರು. ಹೌದು, ನಿನ್ನ ಅರ್ಜಿ ಓದಿ ಹನ್ನೆರಡು ಟ್ಯಾಬ್ಲೆಟ್ಟು, ಒಂದು ವರ್ಷದ ಅನುದಾನ ಕೊಟ್ಟ ಅದೇ ಟ್ರಸ್ಟು. ಎರಡನೇ ವರ್ಷಕ್ಕೂ ಕೊಡುವುದೋ ಅಥವಾ ಟ್ಯಾಬ್ಲೆಟ್ಟುಗಳನ್ನು ಡಬ್ಬಕ್ಕೆ ತುಂಬಿ ಒಯ್ಯುವುದೋ ಅಂತ ತೀರ್ಮಾನಿಸಲು ಬಂದವರು. ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿ, "ನೋಡಿ ಸಾರ್, ಇಡೀ ವರ್ಷದಲ್ಲಿ ಇಲ್ಲಿ ಕಲಿತಿರೋರು ಒಬ್ಬರೇ" ಅಂದರು. ಆ ಒಬ್ಬರು ನೀನೇ. ಇಲ್ಲಿಂದ ಹೋಗಿ ಏಳು ತಿಂಗಳಾದ ನೀನು, ದಿನಕ್ಕೆ ಮೂವತ್ತು ಗಂಟೆ ಓದಿ, ಎಲೆಕ್ಟ್ರಿಕ್ ಬಸ್ಸು ರಿಪೇರಿಯ ನಲವತ್ತೆಂಟು ಪಾಠಗಳಲ್ಲಿ ನಲವತ್ತೊಂದನ್ನು ಮುಗಿಸಿದ್ದೀಯ. ನಿನಗೇ ಗೊತ್ತಿಲ್ಲದ ಹಾಗೆ ಇಷ್ಟು ಬುದ್ಧಿವಂತೆಯಾಗಿದ್ದೀಯ, ಅಭಿನಂದನೆ.

ತಪ್ಪು ನನ್ನದು. ನೀನು ಬೇಜಾರಿನಲ್ಲಿ ಹೊರಡುವಾಗ ಹನ್ನೆರಡರಲ್ಲೂ ನಿನ್ನ ಖಾತೆಯನ್ನು ಹಾಗೇ ಬಿಟ್ಟು ಹೋಗಿದ್ದೆ. ಹೊಸ ಖಾತೆ ಮಾಡಲು ಹೋದರೆ ಅದು ಇಮೇಲ್ ಕೇಳುತ್ತದೆ. ನಮ್ಮ ವರ್ಕ್‌ಶಾಪಿನವರಿಗೆ ಇಮೇಲ್ ಎಲ್ಲಿಂದ ಬರಬೇಕು? ಹೇಗೂ ಒಂದು ತೆರೆದಿದೆಯಲ್ಲ ಅಂತ ನಾನೂ ಸುಮ್ಮನಾದೆ, ಎಲ್ಲರೂ ನಿನ್ನ ಹೆಸರಿನಲ್ಲೇ ಓದಿದರು. ನೀನು ಬೆಳಿಗ್ಗೆ ಹತ್ತಕ್ಕೆ ಕ್ಲಾಸು ಇಟ್ಟುಕೊಂಡು ಐದು ತಿಂಗಳು ಖಾಲಿ ಕುರ್ಚಿ ನೋಡಿದೆ. ಹತ್ತು ಗಂಟೆಗೆ ಒಂದು ಪಾಳಿಯವರು ಬಸ್ಸಿನ ಅಡಿಯಲ್ಲಿರುತ್ತಾರೆ, ಇನ್ನೊಂದು ಪಾಳಿಯವರು ಹೊದ್ದು ಮಲಗಿರುತ್ತಾರೆ ಪುಟ್ಟೂ! ಕಲಿಯುವ ಆಸೆ ಎಲ್ಲರಿಗೂ ಇತ್ತು. ಬರುವ ವರ್ಷ ಎಲೆಕ್ಟ್ರಿಕ್ ಬಸ್ಸು ಬಂದರೆ, ಪರೀಕ್ಷೆ ಪಾಸಾದವರಿಗೆ ಮಾತ್ರ ವರ್ಕ್‌ಶಾಪಿನಲ್ಲಿ ಜಾಗ. ನಾನು ಮಾಡಿದ್ದು ಇಷ್ಟೇ, ಪಾಳಿ ಬದಲಾಗುವ ಹೊತ್ತಿಗೆ ಬಾಗಿಲು ತೆಗೆದೆ.

ಇನ್ನು ಪಾಠ ನಡೆಸಿದ ಕ್ರಮ. ಮೂವತ್ತೊಂದು ವರ್ಷ ಡಿಪೋದಲ್ಲಿ ಕೆಲಸ ಮಾಡಿ ಫೋರ್‌ಮನ್ ಆಗಿ ನಿವೃತ್ತನಾದವನಿಗೆ ಬೇರೇನು ಬರುತ್ತದೆ? ಒಂದು ಪಾಳಿಯವನು ಅರ್ಧ ಬಿಚ್ಚಿದ ಎಂಜಿನ್ನನ್ನು ಮುಂದಿನ ಪಾಳಿಯವನು ಮುಂದುವರಿಸುತ್ತಾನೆ. ಎಲ್ಲಿಗೆ ಬಿಟ್ಟಿದ್ದೇನೆ ಅಂತ ಬಿಡಿಸಿ ಹೇಳದೆ ಯಾರೂ ಮನೆಗೆ ಹೋಗುವ ಹಾಗಿಲ್ಲ. ಕೋರ್ಸನ್ನೂ ಹಾಗೇ ನಡೆಸಿದೆವು. ಬೆಳಗಿನವರು ಮೂರನೇ ಪಾಠಕ್ಕೆ ನಿಲ್ಲಿಸಿದರೆ ಮಧ್ಯಾಹ್ನದವರು ನಾಲ್ಕರಿಂದ ಶುರು. ಆಗಿರುವ ಕೆಲಸವನ್ನು ಯಾರಾದರೂ ಮತ್ತೆ ಮಾಡುತ್ತಾರೆಯೇ? ಇದನ್ನು ಕೇಳಿ ಮೇಡಂ ತಲೆ ಮೇಲೆ ಕೈ ಹೊತ್ತುಕೊಂಡರು. ಒಬ್ಬರಿಗೂ ಪೂರ್ತಿ ಪಾಠ ಆಗಿಲ್ಲ, ಇದನ್ನು ಕಲಿಕೆ ಅನ್ನಲಾಗುವುದಿಲ್ಲ ಅಂತ ಲ್ಯಾಪ್‌ಟಾಪ್ ಮುಚ್ಚಿದರು.

ಅಷ್ಟರಲ್ಲಿ ಎರಡು ಗಂಟೆಯಾಯಿತು, ಪಾಳಿ ಬದಲಾಯಿತು. ಬಸ್ಸು ತೊಳೆಯುವಾಕೆ, ನಾವೆಲ್ಲ ಚಿಕ್ಕಮ್ಮ ಅನ್ನುತ್ತೇವೆ, ತನ್ನ ಪಾಠ ಮುಗಿಸಿ ಪಾಳಿಗೆ ಹೊರಡಲು ಎದ್ದು, ಆಗಷ್ಟೇ ಪಾಳಿ ಮುಗಿಸಿ ಬಂದ ವೆಲ್ಡರ್ ಗಡ್ಡಪ್ಪನನ್ನು ಪಕ್ಕಕ್ಕೆ ನಿಲ್ಲಿಸಿಕೊಂಡಳು. "ಕಿತ್ತಳೆ ಬಣ್ಣದ ತಂತಿ ಮುಟ್ಟೋಕೆ ಮುಂಚೆ ಮೇನ್ ಸ್ವಿಚ್ ತೆಗಿ, ಐದು ನಿಮಿಷ ಕಾಯಿ, ಮೀಟರ್ ಇಟ್ಟು ನೋಡು. ಈಗ ನೀನು ಹೇಳು" ಅಂದಳು. ಅವನು ಮೇನ್ ತೆಗೆದು ನೇರ ಮೀಟರಿಗೆ ಹೋದ. "ಕಾಯೋದು ಎಲ್ಲಿ ಹೋಯ್ತೋ? ಸತ್ತೋಗ್ತೀಯ!" ಅಂತ ಗದರಿಸಿ, ಅವನು ಮೂರು ಸಲ ಸರಿಯಾಗಿ ಒಪ್ಪಿಸುವವರೆಗೆ ಟ್ಯಾಬ್ಲೆಟ್ಟು ಕೈಗೆ ಕೊಡಲಿಲ್ಲ. ಹನ್ನೆರಡು ಟ್ಯಾಬ್ಲೆಟ್ಟಿನ ಹತ್ತಿರವೂ ಇದೇ ಗಲಾಟೆ.

ಮೇಡಂ ಮತ್ತೆ ಕುರ್ಚಿ ಎಳೆದುಕೊಂಡು ಕೂತರು. ಏಳು ಜನರನ್ನು ಕರೆದು, ಅವರವರು ಮಾಡದ ಪಾಠಗಳಿಂದಲೇ ಹುಡುಕಿ ಹುಡುಕಿ ಪ್ರಶ್ನೆ ಹಾಕಿದರು. ಎಲ್ಲರೂ ಪಟಪಟ ಹೇಳಿದರು. ಹದಿನೇಳನೇ ಪಾಠ ಮಾತ್ರ ಒಬ್ಬರಿಗೂ ಬರಲಿಲ್ಲ! ಅದನ್ನು ಮಾಡಿದ ಪುಣ್ಯಾತ್ಮ ಅವತ್ತೇ ಜ್ವರ ಬಂದು ಯಾರಿಗೂ ಹೇಳದೆ ಮನೆಗೆ ಹೋಗಿದ್ದನಂತೆ. ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಮೇಡಂ ಮಾತ್ರ ಬಿದ್ದು ಬಿದ್ದು ನಕ್ಕರು. "ಹದಿನೇಳು ಎಲ್ಲರೂ ಇನ್ನೊಂದ್ಸಲ ಮಾಡಿ" ಅಂದು, ಎರಡೂ ಪಾಳಿಯವರನ್ನು ಎಣಿಸಿ, ಕಲಿತವರು ಒಬ್ಬರು ಅನ್ನುವುದನ್ನು ಹೊಡೆದುಹಾಕಿ ಮೂವತ್ತನಾಲ್ಕು ಅಂತ ಬರೆದರು. ಎರಡನೇ ವರ್ಷದ ಅನುದಾನ ಸಿಕ್ಕಿತು ಪುಟ್ಟೂ. ನಿನ್ನ ಕೋಣೆ ಮುಚ್ಚುವುದಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು, ಬಿಸಿನೀರು ಕುಡಿ, ನೂರು ಕಾಲ ಚೆನ್ನಾಗಿರು. ಚಿಕ್ಕಮ್ಮ, ಗಡ್ಡಪ್ಪ ಎಲ್ಲರೂ ನಿನ್ನನ್ನು ಕೇಳಿದರು ಅಂತ ತಿಳಿಸಲು ಹೇಳಿದ್ದಾರೆ.

ನಿನ್ನ
ಅಪ್ಪ

ವಿ.ಸೂ.: ಅಂಚೆಯವನು ಡಬ್ಬ ತೆರೆಯಲು ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಟ್ರಸ್ಟಿನದು ಒಂದು ಷರತ್ತಿದೆ. ಕೋಣೆ ನಡೆಸಲು ಸಂಬಳದ ಮೇಲೆ ಒಬ್ಬರು ಬೇಕಂತೆ. ನನ್ನನ್ನೇ ಕೇಳಿದರು. ನಾನು ಬರೀ ಬೀಗದ ಕೈ ಇಟ್ಟುಕೊಂಡವನು, ಕೆಲಸ ನನ್ನ ಮಗಳದು ಅಂದೆ. ತಿಂಗಳ ಕೊನೆಯವರೆಗೆ ಕಾಯುತ್ತಾರೆ. ಬರುವುದು ಬಿಡುವುದು ನಿನ್ನಿಷ್ಟ, ನಾನು ಒತ್ತಾಯ ಮಾಡುವುದಿಲ್ಲ. ಆದರೆ ನೀನು ಹೊರಟ ದಿನ ಬ್ಯಾಗು ಎತ್ತಿಕೊಡುತ್ತಾ, "ಇದು ನಿನ್ನ ಕೈಲಿ ಆಗೋ ಕೆಲಸ ಅಲ್ಲ ಬಿಡು" ಅಂದವನು ನಾನು. ಏಳು ತಿಂಗಳಿಂದ ಆ ಮಾತು ನನ್ನನ್ನು ಕೊರೆಯುತ್ತಿದೆ. ನಾನು ಅಂದದ್ದು ಸುಳ್ಳು ಅಂತ ನಿನ್ನೆ ಅಷ್ಟೂ ಜನರ ಎದುರು ಹೇಳಿದೆ. ನಿನಗೆ ಹೇಳುವುದಷ್ಟೇ ಉಳಿದಿತ್ತು. ತಪ್ಪಾಯ್ತು ಮಗಳೇ.